ಅಜ್ಜಿಯ ಬೆಂಡೆ, ಮೇಳದ ಬೆಂಡೆ, ಅಂಗಡಿಯ ಬೆಂಡೆ

ಸೋಮವಾರಪೇಟೆ ಕಡೆಯ ನಮ್ಮ ಹಿತ್ತಲಲ್ಲಿ ಕಳೆದ ಫೆಬ್ರುವರಿಯಲ್ಲಿ ಮೊದಲ ಬಾರಿಗೆ ತರಕಾರಿ ಪಾತಿ ಮಾಡಿದೆ. ನಾಟಿ ಬೀಜ ಹಾಕಬೇಕು, ಮರುವರ್ಷಕ್ಕೆ ಬೀಜ ನಮ್ಮ ಗಿಡದಿಂದಲೇ ಸಿಗಬೇಕು ಎಂಬುದು ನನ್ನ ಆಸೆ. ಬೆಂಡೆಯ ಬೀಜವನ್ನು ಮೂರು ಕಡೆಯಿಂದ ತಂದೆ. ಒಂದು ಪಕ್ಕದ ಮನೆಯ ಅಜ್ಜಿ ಕೊಟ್ಟಿದ್ದು. ಇನ್ನೊಂದು ಮೈಸೂರಿನ ಬೀಜ ಮೇಳದಲ್ಲಿ ಕೊಂಡ ಕೆಂಪು ಬೆಂಡೆ. ಮತ್ತೊಂದು, ಹೋಲಿಸಿ ನೋಡಲೆಂದೇ ತಂದ ಗೊಬ್ಬರದ ಅಂಗಡಿಯ ಹೈಬ್ರಿಡ್.

ಬಿತ್ತುವುದಕ್ಕೆ ಒಂದು ವಾರ ಮೊದಲು ತಲಾ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಆರನೆಯ ದಿನ ಬಿಚ್ಚಿದಾಗ ಹೈಬ್ರಿಡ್‌ನಲ್ಲಿ ಒಂಬತ್ತು, ಅಜ್ಜಿಯದರಲ್ಲಿ ಎಂಟು, ಮೇಳದ್ದರಲ್ಲಿ ಐದು ಮೊಳೆತಿದ್ದವು. ಮೇಳದ ಪೊಟ್ಟಣದ ಮೇಲೆ ತಳಿಯ ಹೆಸರು ಅಂದವಾಗಿ ಬರೆದಿತ್ತು, ಬೀಜ ಯಾವ ವರ್ಷದ್ದೆಂದು ಇರಲಿಲ್ಲ. ಈಗ ಬೀಜ ಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಅದು.

ಅಜ್ಜಿಯ ಮನೆಯಲ್ಲಿ ಬೀಜ ಇಡುವ ರೀತಿಯನ್ನು ನೋಡಬೇಕು. ಬೆಂಡೆ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಬಾಟಲಿಗೆ ತುಂಬಿ ಅಡುಗೆಮನೆಯ ಅಟ್ಟದಲ್ಲಿಟ್ಟಿದ್ದರು. ಸೌತೆ ಬೀಜ ಸಗಣಿಯ ಬಿಲ್ಲೆಯೊಳಗೆ ಕೂತು ಒಲೆಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಹೀರೆ ಬೀಜ ಒಣಗಿದ ಹೀರೆಕಾಯಿಯ ಒಳಗೇ ಇತ್ತು, ಅಲ್ಲಾಡಿಸಿದರೆ ಗಲಗಲ ಸದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ಬೀಜಕ್ಕೆ ಒಲೆಯ ಬಿಸಿಗಿಂತ ದೊಡ್ಡ ಕಾವಲಿಲ್ಲ. "ಮಳೆ ಹಿಡಿಯುವ ಮೊದಲು ಬೀಜ ಮನೆಯೊಳಗೆ ಬಂದಿರಬೇಕಮ್ಮ," ಎಂದಿದ್ದರು ಅಜ್ಜಿ. ಆ ಮಾತಿನ ತೂಕ ನನಗೆ ತಿಳಿದದ್ದು ಜೂನ್ ಮಳೆ ಹಿಡಿದಾಗ.

ಅಜ್ಜಿಯ ಬೆಂಡೆ ನಲವತ್ತೇಳನೆಯ ದಿನ ಹೂ ಬಿಟ್ಟಿತು. ಹೈಬ್ರಿಡ್ ಅದಕ್ಕಿಂತ ನಾಲ್ಕು ದಿನ ಮುಂದಿತ್ತು. ಮೇಳದ ಕೆಂಪು ಬೆಂಡೆ ಎಪ್ಪತ್ತು ದಿನ ತೆಗೆದುಕೊಂಡಿತು, ಅಷ್ಟರಲ್ಲಿ ಹನ್ನೆರಡರಲ್ಲಿ ನಾಲ್ಕು ಗಿಡಗಳಿಗೆ ಎಲೆಯ ನರ ಹಳದಿಯಾಗುವ ನಂಜು ರೋಗ ತಗುಲಿತ್ತು. ಕಾಯಿಯ ಲೆಕ್ಕದಲ್ಲಿ ಹೈಬ್ರಿಡ್ ಗೆದ್ದಿತು, ಅದನ್ನು ಮುಚ್ಚಿಡುವುದಿಲ್ಲ. ಕೊಯ್ಯುವುದು ಎರಡು ದಿನ ತಡವಾದರೂ ಅದರ ಕಾಯಿ ಎಳೆಯದಾಗಿಯೇ ಇರುತ್ತಿತ್ತು. ಅಜ್ಜಿಯ ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯದಿದ್ದರೆ ನಾರು. ಆದರೆ ಆ ಗಿಡ್ಡನೆಯ, ತಿಳಿಹಸಿರಿನ, ಮೈಮೇಲೆ ಸಣ್ಣ ರೋಮವಿರುವ ಕಾಯಿಯಲ್ಲಿ ಮಾಡಿದ ಗೊಜ್ಜಿನ ರುಚಿಯೇ ಬೇರೆ.

ಮೂರು ತಳಿಗಳು ಅಕ್ಕಪಕ್ಕ ಇದ್ದರೆ ಜೇನುನೊಣ ಪರಾಗವನ್ನು ಬೆರೆಸಿಬಿಡುತ್ತದೆ. ಹಾಗಾಗಿ ಬೀಜಕ್ಕೆ ಬಿಡುವ ಮೊಗ್ಗುಗಳಿಗೆ, ಅರಳುವ ಹಿಂದಿನ ಸಂಜೆಯೇ, ತೆಳು ಬಟ್ಟೆಯ ಚೀಲ ಕಟ್ಟಿದೆ. ನಾಳೆ ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ, ಎರಡು ದಿನ ನೋಡಿದರೆ ಗುರುತು ಸಿಗುತ್ತದೆ. ಬೆಂಡೆ ಹೂವಿಗೆ ತನ್ನದೇ ಪರಾಗ ಸಾಕು, ಚೀಲದೊಳಗೇ ಕಾಯಿ ಕಟ್ಟುತ್ತದೆ. ಹೂ ಬಾಡಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ ಕಟ್ಟಿದೆ, ಯಾರೂ ಕೊಯ್ಯದಿರಲೆಂದು.

ಅಜ್ಜಿಯ ಬೆಂಡೆಯ ದಾರ ಕಟ್ಟಿದ ಕಾಯಿಗಳು ಮೇ ಮೂರನೆಯ ವಾರಕ್ಕೆ ಒಣಗಿ ಸೀಳಿದವು. ಕೆಂಪು ಬೆಂಡೆಯವು ಇನ್ನೂ ಹಸಿಯಾಗಿದ್ದಾಗಲೇ ಜೂನ್ ಮಳೆ ಹಿಡಿದುಕೊಂಡಿತು. ಒಡೆದು ನೋಡಿದರೆ ಬೀಜದ ಸುತ್ತ ಬೂದುಬಣ್ಣದ ಬೂಸ್ಟು. ತಳಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಬಯಲುಸೀಮೆಯಲ್ಲಿ ಅದು ಚೆನ್ನಾಗಿಯೇ ಬಂದೀತು. ನಮ್ಮ ಮಳೆಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಹೈಬ್ರಿಡ್‌ನ ಬೀಜ ಇಡಲಿಲ್ಲ, ಮರುವರ್ಷ ತಾಯಿಗಿಡದ ಗುಣ ಒಡೆದುಹೋಗುತ್ತದೆ.

ಅಜ್ಜಿಯಂಥವರು ಹತ್ತಿರ ಇಲ್ಲದವರಿಗೆ ಒಂದು ಮಾತು: ಅಂಗಡಿಯಲ್ಲಿ ಸಿಗುವುದೆಲ್ಲ ಹೈಬ್ರಿಡ್ ಅಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ನಾಟಿಯಲ್ಲದಿದ್ದರೂ ಅದರ ಬೀಜವನ್ನು ಉಳಿಸಿಕೊಳ್ಳಬಹುದು.

ಟೊಮೆಟೊದಲ್ಲಿ ಮಾತ್ರ ನಾಟಿ ನನ್ನ ಕೈಹಿಡಿಯಲಿಲ್ಲ. ಅಜ್ಜಿಯ ಹುಳಿ ಟೊಮೆಟೊ ಎಂಟರಲ್ಲಿ ಆರು ಗಿಡ, ಎಲೆ ಹಸಿರಿರುವಾಗಲೇ ಜೋತುಬಿದ್ದವು. ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದೆ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಗುರುತು, ಮಣ್ಣಿನಲ್ಲೇ ಇರುವ ರೋಗ. ಅದೇ ಸಾಲಿನ ಅರ್ಕಾ ರಕ್ಷಕ್ ಹೈಬ್ರಿಡ್‌ನಲ್ಲಿ ಸತ್ತದ್ದು ಒಂದೇ ಗಿಡ. ಈ ರೋಗ ತಡೆಯುವ ಗುಣ ಆ ತಳಿಗಿದೆ.

ಈ ಫೆಬ್ರುವರಿಗೆ ಪಾತಿ ಸಿದ್ಧವಾಗುತ್ತಿದೆ. ನಮ್ಮ ಮಣ್ಣು ಹುಳಿ, ಆದ್ದರಿಂದ ಮೂರು ವಾರ ಮೊದಲೇ ಸುಣ್ಣ ಬೆರೆಸಿದ್ದೇನೆ. ಬೆಂಡೆಯ ಪಾತಿಗಳಿಗೆಲ್ಲ ಅಜ್ಜಿಯ ಬೀಜವೇ. ಟೊಮೆಟೊಗೆ ಕಳೆದ ವರ್ಷ ರೋಗ ಬಂದ ಜಾಗ ಬೇಡ, ಹುಳಿ ಟೊಮೆಟೊದ ಬೀಜವನ್ನು ಹೊಸ ಮಣ್ಣು ತುಂಬಿದ ಚೀಲಗಳಲ್ಲಿ ಹಾಕಿ ನೋಡುತ್ತೇನೆ. ಉಳಿದ ಎರಡು ಗಿಡಗಳಿಂದ ತೆಗೆದ ಬೀಜ ಒಂದು ಚಿಟಿಕೆಯಷ್ಟಿದೆ.