ಪೈಲಟ್ ಆಗೋದಾ, ಭಾಷೆ ಕಲಿಯೋದಾ?

ಬುಡಕಟ್ಟು ಜನರ ನಡುವೆ ಮಿಷನರಿ ಸೇವೆಗೆ ಹೊರಟಿದ್ದೀರಾ? ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕಾಡಿನ ಬುಡಕಟ್ಟು, ವಾವೊರಾನಿ ಜನರ ಕಥೆ ನೋಡಿ.

ಮಿಷನರಿ ಪೈಲಟ್ ನೇಟ್ ಸೇಂಟ್ 1955ರಲ್ಲಿ ಅವರ ಕಾಡಿನ ಮೇಲೆ ವಿಮಾನ ಸುತ್ತಿಸುತ್ತಾ, ಉದ್ದ ಹಗ್ಗಕ್ಕೆ ಬಕೆಟ್ ಕಟ್ಟಿ ಉಡುಗೊರೆ ಇಳಿಸುತ್ತಿದ್ದರು. ಕೆಳಗಿನವರು ಒಮ್ಮೆ ಗಿಳಿಯನ್ನೇ ಕಟ್ಟಿ ಕಳಿಸಿದರು! ಆದರೆ ಪರಸ್ಪರ ಮಾತು ಬರುತ್ತಿದ್ದದ್ದು ಕೆಲವೇ ಪದ. ಕೆಳಗೆ ಇಳಿದ ನೇಟ್ ಮತ್ತು ನಾಲ್ವರು ಜೊತೆಗಾರರು 1956ರ ಜನವರಿ 8ರಂದು ವಾವೊರಾನಿಗಳ ಈಟಿಗೆ ಬಲಿಯಾದರು.

ನೇಟ್ ಅವರ ಅಕ್ಕ ರೇಚಲ್ ಹಿಡಿದದ್ದು ನಿಧಾನದ ದಾರಿ. ದಯೂಮಾ ಎಂಬ ವಾವೊರಾನಿ ಹೆಂಗಸಿನ ಬಳಿ ಕೂತು ಭಾಷೆ ಕಲಿತರು, 1958ರಲ್ಲಿ ಆಕೆಯ ಜನರ ನಡುವೆಯೇ ಬದುಕಲು ಹೋದರು.

ರೋಗಿಯನ್ನು ಕಾಡಿನಿಂದ ಆಸ್ಪತ್ರೆಗೆ ಸಾಗಿಸಲು ವಿಮಾನ ಬೇಕೇ ಬೇಕು. ಆದರೂ ನಾನು ಭಾಷೆಯ ಕಡೆ. ಅವರಿಗೆ ನಾವು ಬೇಕಾ ಅಂತ ಕೇಳೋಕಾದರೂ ಭಾಷೆ ಬರಬೇಕಲ್ವಾ?

ಯಾವುದೇ ಆರಿಸಿ, ಲಸಿಕೆಯ ವ್ಯವಸ್ಥೆ ಮೊದಲು ವಿಚಾರಿಸಿ. 1969ರಲ್ಲಿ ಪೋಲಿಯೊ ಬಂದು ವಾವೊರಾನಿ ಜನ ಸತ್ತಿದ್ದಾರೆ.