ನನ್ನ ಇಂಡಿಕಾ, ಟರ್ಬೊದ ಆಸೆ, ಸೀತಾಂಗೋಳಿ ರಸ್ತೆಯ ಒಂದು ವರ್ಕ್‌ಶಾಪು

ಆದೂರು ದಾಟಿ ಜಾಲ್ಸೂರಿಗೆ ಹೋಗುವ ಏರಿನಲ್ಲಿ ಒಬ್ಬ ಆಟೊರಿಕ್ಷಾದವ ಹಾರ್ನ್ ಹಾಕಿ ನನ್ನನ್ನು ಹಿಂದೆ ಹಾಕಿದ. ಆಟೊದಲ್ಲಿ ಮೂರು ಜನ, ಮೇಲಿಂದ ಎರಡು ಬಾಳೆಗೊನೆ. ನಾನು ಎರಡನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ ಕೂತಿದ್ದೆ, ಹಿಂದೆ ಕಪ್ಪು ಹೊಗೆ. ಪಕ್ಕದಲ್ಲಿದ್ದ ನಮ್ಮ ಹುಡುಗ ಕಿಟಕಿ ಕಡೆ ತಿರುಗಿ ನಕ್ಕದ್ದು ನನಗೆ ಗೊತ್ತಾಗಿದೆ. ಈ ಗಾಡಿಗೆ ಏನಾದರೂ ಮಾಡಲೇಬೇಕು ಅಂತ ಆ ದಿನವೇ ನಿಶ್ಚಯ ಮಾಡಿದೆ.

ನಾನು ಅಡಿಗೆಯವ, ಊರು ಕಾಸರಗೋಡು ಕಡೆಯ ನೀರ್ಚಾಲು. ಮದುವೆ, ಉಪನಯನ, ತಿಥಿ ಯಾವುದಿದ್ದರೂ ಹೋಗುತ್ತೇನೆ. ಮುಳ್ಳೇರಿಯಾ, ಪೆರ್ಲ, ವಿಟ್ಲ, ಸುಳ್ಯ, ವರ್ಷಕ್ಕೆ ನಾಲ್ಕೈದು ಸಲ ಮಡಿಕೇರಿಯವರೆಗೂ. ಗಾಡಿ ಟಾಟಾ ಇಂಡಿಕಾ ವಿ2 ಡೀಸೆಲ್, 2006ರದ್ದು. ಎಂಜಿನ್ 1405 ಸಿಸಿ, ಟರ್ಬೊ ಇಲ್ಲದ್ದು. ಹೊಸತರಲ್ಲಿ ಐವತ್ತಮೂರು ಚಿಲ್ಲರೆ ಕುದುರೆ ಶಕ್ತಿ. ಓಡಿದ್ದು 2,38,000 ಕಿಲೋಮೀಟರು, ಮೀಟರು ಸುಳ್ಳು ಹೇಳದಿದ್ದರೆ. ಹೊಸ ಕಾರು ತೆಗೆದುಕೊಳ್ಳಿ ಅನ್ನುವವರಿಗೆ ಒಂದು ಮಾತು: ಹಿಂದಿನ ಸೀಟು ಮಡಚಿದರೆ ಒಂದು ಗ್ರೈಂಡರು, ಎರಡು ಉರುಳಿ, ಕಡಾಯಿ, ಗ್ಯಾಸ್ ಬರ್ನರುಗಳು ಎಲ್ಲ ಹಿಡಿಯುತ್ತವೆ. ಸಾಂಬಾರು ಚೆಲ್ಲಿದರೆ ಮನಸ್ಸಿಗೆ ಬೇಜಾರಿಲ್ಲ. ಹತ್ತು ಲಕ್ಷದ ಗಾಡಿಯೊಳಗೆ ಸಾಂಬಾರು ಚೆಲ್ಲುವ ಧೈರ್ಯ ನನಗಿಲ್ಲ.

ಟರ್ಬೊದ ಮಾತು ತಂದದ್ದು ಅಕ್ಕನ ಮಗ. ಅವ ಮಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಾನೆ. "ಮಾವ, ಒಂದು ಟರ್ಬೊ ಕೂರಿಸುವ. ಮಡಿಕೇರಿ ಘಾಟಿಯಲ್ಲಿ ಬಸ್ಸನ್ನೇ ಹಿಂದೆ ಹಾಕಬಹುದು" ಅಂದ. ಟರ್ಬೊ ಅಂದರೆ ಎಂತದು ಅಂತ ಕೇಳಿದ್ದಕ್ಕೆ ಅವ ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ಯಾಕೆಂದರೆ ನಮ್ಮ ಕಟ್ಟಿಗೆ ಒಲೆಗೆ ಬ್ಲೋವರ್ ಇಟ್ಟ ಹಾಗೆಯೇ ಅದು. ಒಂದೇ ವ್ಯತ್ಯಾಸ, ಇಲ್ಲಿ ಬೆಂಕಿಯ ಹೊಗೆಯೇ ಫ್ಯಾನು ತಿರುಗಿಸುತ್ತದೆ. ಸೈಲೆನ್ಸರಿಗೆ ಹೋಗುವ ಬಿಸಿ ಗಾಳಿ ಒಂದು ಚಕ್ರ ತಿರುಗಿಸುತ್ತದೆ, ಅದೇ ಸರಳಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿಸುತ್ತದೆ. ನಾವು ಉಸಿರಾಡುವ ಗಾಳಿಗೆ ಸಹಜವಾಗಿಯೇ 14.7 ಪಿಎಸ್‌ಐ (ಟಯರಿಗೆ ಗಾಳಿ ಅಳೆಯುವ ಅದೇ ಲೆಕ್ಕ) ಒತ್ತಡ ಉಂಟು. ಅದರ ಮೇಲೆ ಟರ್ಬೊ ಇನ್ನು 7 ಕೊಟ್ಟರೆ ಹೆಚ್ಚುಕಡಿಮೆ ಒಂದೂವರೆ ಪಾಲು ಗಾಳಿ. ಮಡಿಕೇರಿ 1,100 ಮೀಟರಿಗೂ ಮೇಲೆ, ಅಲ್ಲಿ ಗಾಳಿಯೇ ಹತ್ತರಲ್ಲಿ ಒಂದು ಪಾಲು ತೆಳು, ಆ ಕೊರತೆಯೂ ತುಂಬುತ್ತದೆ. ಕೇಳುವಾಗ ಯಾರಿಗೆ ಆಸೆ ಆಗುವುದಿಲ್ಲ?

ಮಂಗಳೂರಿನ ಒಂದು ಕಡೆ ಹೋಗಿ ವಿಚಾರಿಸಿದೆವು. ಹೆಸರು ಬೇಡ. ಬಾನೆಟ್ಟು ತೆರೆದು ಒಂದು ನಿಮಿಷ ನೋಡಿ 70,000 ಅಂದರು. ಮೊಬೈಲಿನಲ್ಲಿ ನಾಲ್ಕು ವೀಡಿಯೊ ತೋರಿಸಿದರು, ಎಲ್ಲದರಲ್ಲೂ ಶಬ್ದವೇ ಜಾಸ್ತಿ. ಒಳಗಿನ ಎಂಜಿನ್ ಹಳೆಯದಲ್ಲವಾ ಅಂತ ಕೇಳಿದೆ. "ತಡೆಯುತ್ತದೆ ಸಾರ್." ಕ್ಲಚ್ಚು? "ಅದು ಬೇರೆ." ರೇಡಿಯೇಟರು? "ಅದು ಆಮೇಲೆ ನೋಡುವ." ಅಡಿಗೆಯ ಕಂಟ್ರಾಕ್ಟಿನಲ್ಲಿ ನಾನು ಹೀಗೆ ಮಾತಾಡಿದರೆ ಮದುಮಗಳ ಅಪ್ಪ ನನ್ನನ್ನು ಅಂಗಳದಿಂದಲೇ ಕಳಿಸಿಯಾನು.

ಸೀತಾಂಗೋಳಿಯಿಂದ ನೀರ್ಚಾಲಿನ ಕಡೆ ಬರುವ ರಸ್ತೆಯಲ್ಲಿರುವ ವರ್ಕ್‌ಶಾಪಿನ ವಿಷಯಕ್ಕೆ ಈಗ ಬರುತ್ತೇನೆ. ಬರೆಯಲಿಕ್ಕೆ ಕೂತದ್ದೇ ಅದಕ್ಕೆ. ನೋಡಲಿಕ್ಕೆ ಏನೂ ಇಲ್ಲ. ತಗಡಿನ ಮಾಡು, ಅಡಿಯಲ್ಲಿ ಎರಡು ಗಾಡಿಗೆ ಜಾಗ, ಹೊರಗೆ ಮಳೆಯಲ್ಲಿ ನೆನೆಯುವ ನಾಲ್ಕು. ಬೋರ್ಡಿನಲ್ಲಿ ಮಲೆಯಾಳ ದೊಡ್ಡದಾಗಿ, ಕನ್ನಡ ಚಿಕ್ಕದಾಗಿ. ಮೆಕ್ಯಾನಿಕ್ ಅಣ್ಣ ತುಳುವಿನಲ್ಲಿ ಬೈಯುತ್ತಾರೆ, ಮಲೆಯಾಳದಲ್ಲಿ ಫೋನು ಮಾಡುತ್ತಾರೆ, ನನ್ನ ಹತ್ತಿರ ಕನ್ನಡ.

ನಾನು ಟರ್ಬೊ ಅಂದ ಕೂಡಲೇ ಅವರು ಬೇಡ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಗಾಡಿ ಸ್ಟಾರ್ಟಿನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದರು. ಅಲ್ಲಿಂದ ಇಡ್ಲಿ ಬೇಯುವ ಪಾತ್ರೆಯ ಹಾಗೆ ಬುಸುಬುಸು ಹೊಗೆ. "ಇದು ಒಳಗಿಂದ ಸೋರುವ ಗಾಳಿ, ಭಟ್ರೆ. ಪಿಸ್ಟನ್ ಒತ್ತಿದ ಗಾಳಿ ಅರ್ಧ ಕೆಳಗೆ ಹೋಗ್ತಾ ಉಂಟು." ಮತ್ತೆ ಸ್ಟಾರ್ಟಿಗೆ ಬಿಸಿ ಕೊಡುವ ಗ್ಲೋ ಪ್ಲಗ್ಗು ಬಿಚ್ಚಿ ಅದೇ ತೂತಿಗೆ ಗೇಜು ತಿರುಗಿಸಿ ಒಂದೊಂದೇ ಸಿಲಿಂಡರಿನ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿ ಒತ್ತುವ ಬಲ ನೋಡಿದರು. ಒಂದನೇದು 400 ಪಿಎಸ್‌ಐ, ಎರಡನೇದು 390, ನಾಲ್ಕನೇದು 380. ಮೂರನೇದು 270. ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿದಾಗ 340ಕ್ಕೆ ಏರಿತು. ಆಯಿಲ್ ಸಂದು ಮುಚ್ಚಿದ್ದರಿಂದ ಏರಿದ್ದು, ಹಾಗಾದರೆ ಪಿಸ್ಟನ್ನಿನ ಸುತ್ತಲಿನ ರಿಂಗು ಸವೆದಿದೆ, ವಾಲ್ವಿನ ದೋಷ ಅಲ್ಲ. ಇದಿಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು, 500 ರೂಪಾಯಿ ತೆಗೆದುಕೊಂಡರು. ಈ ಐನೂರು ರೂಪಾಯಿಗೇ ನಾನು ಈ ಜಾಗಕ್ಕೆ ಅರ್ಧ ಮಾರ್ಕು ಕೊಟ್ಟು ಬಿಡುತ್ತೇನೆ.

ಮತ್ತೆ ಚಹಾ ತರಿಸಿ ಕೂತು ಹೇಳಿದ್ದು ಹೀಗೆ. ಡೀಸೆಲ್ಲಿಗೆ ಟರ್ಬೊ ಕೂರಿಸುವುದು ಪೆಟ್ರೋಲಿನಷ್ಟು ಅಪಾಯ ಅಲ್ಲ. ಪೆಟ್ರೋಲಿನಲ್ಲಿ ಗಾಳಿ ಜಾಸ್ತಿ ಒತ್ತಿದರೆ ಕಿಡಿ ಬರುವ ಮೊದಲೇ, ಇಲ್ಲವೆ ಅಡ್ಡಾದಿಡ್ಡಿಯಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಆಗುತ್ತದೆ. ಡೀಸೆಲ್ಲಿಗೆ ಆ ತೊಂದರೆ ಇಲ್ಲ. ಆದರೆ ಟರ್ಬೊ ಇಲ್ಲದೆ ಬಂದ ಈ ಎಂಜಿನ್ನಿನಲ್ಲಿ ಗಾಳಿಯನ್ನು ಮೊದಲೇ ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತಿ ಇಡುತ್ತಾರೆ. ಅದಕ್ಕೆ ಮೇಲಿಂದ ಇನ್ನೂ ಗಾಳಿ ತುಂಬಿದರೆ ಒತ್ತಡ ತಿನ್ನುವುದು ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ಟನ್ನು. ಗಾಳಿ ಹೆಚ್ಚಾದ ಹಾಗೆ ಡೀಸೆಲ್ಲೂ ಹೆಚ್ಚು ಬೇಕು, ಒಲೆಗೆ ಬ್ಲೋವರ್ ಇಟ್ಟರೆ ಕಟ್ಟಿಗೆ ಹೆಚ್ಚು ಬೇಕಾದ ಹಾಗೆ. ಕಂಪನಿಯ ಟರ್ಬೊ ಗಾಡಿಯ ಡೀಸೆಲ್ ಪಂಪಿನ ತಲೆಯ ಮೇಲೆ ಇದಕ್ಕೇ ಒಂದು ಡಯಾಫ್ರಮ್ ಇರುತ್ತದೆ, ಟರ್ಬೊದ ಒತ್ತಡ ಏರಿದ ಹಾಗೆ ಅದು ಡೀಸೆಲ್ ಹೆಚ್ಚು ಬಿಡುತ್ತದೆ. ನನ್ನ ಪಂಪಿಗೆ ಅದಿಲ್ಲ. ಸುಮ್ಮನೆ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಕಾಸರಗೋಡಿನಿಂದ ಹೊರಟ ಹೊಗೆ ಕುಂಬಳೆಯಲ್ಲಿ ಕಾಣುತ್ತದೆ, ಅಷ್ಟೆ.

ಇನ್ನೊಂದು ಮಾತು ಹೇಳಿದರು, ಅದು ನನಗೇ ತಾಗಿತು. ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಆ ಸರಳು ನಿಂತಿರುವುದೇ ಆಯಿಲಿನ ಒಂದು ಪದರದ ಮೇಲೆ. ಏರು ಹತ್ತಿ ಬಂದ ಕೂಡಲೇ ಕೀ ತಿರುಗಿಸಿ ಬಂದ್ ಮಾಡಿದರೆ ಆಯಿಲ್ ಹರಿಯುವುದು ನಿಂತು, ಉಳಿದದ್ದು ಬಿಸಿಗೆ ಕರಟಿ ಮಸಿಯಾಗುತ್ತದೆ. "ನೀವು ಮದುವೆ ಹಾಲ್ ಮುಟ್ಟಿದ ಕೂಡಲೇ ಬಂದ್ ಮಾಡಿ ಇಳಿದು ಓಡುವವರು. ನಿಮಗೆ ಟರ್ಬೊ ಒಂದು ವರ್ಷ ಬಂದರೆ ಪುಣ್ಯ." ಸತ್ಯ. ಬೆಳಿಗ್ಗೆ ನಾಲ್ಕೂವರೆಗೆ ಮದುವೆ ಹಾಲ್ ಮುಟ್ಟಿದವನಿಗೆ ಗಾಡಿಯಲ್ಲಿ ಕೂತು ಎರಡು ನಿಮಿಷ ಕಾಯುವ ಪುರುಸೊತ್ತು ಎಲ್ಲಿದೆ?

ಹಾಗಾದರೆ ಟರ್ಬೊ ಇರುವ ಎಂಜಿನನ್ನೇ ಪೂರ್ತಿ ತಂದು ಇಳಿಸಬಹುದಲ್ಲ, ಅಂತ ಅಕ್ಕನ ಮಗ ಬಿಡಲಿಲ್ಲ. ಅವನ ಮಾತು ದಡ್ಡತನದ್ದಲ್ಲ. ಇದೇ 1405 ಸಿಸಿ ಎಂಜಿನ್ನಿಗೆ ಕಂಪನಿಯೇ ಟರ್ಬೊ ಕೂರಿಸಿ ಇಂಡಿಗೊದಲ್ಲಿ ಮಾರಿತ್ತು. ಪಂಪು, ಪೈಪು ಎಲ್ಲ ಅದರದ್ದೇ ಬರುತ್ತದೆ. ನಾನೂ ಅರ್ಧ ಒಪ್ಪಿದ್ದೆ. ಆಗ ಅಣ್ಣ ಆರ್‌ಸಿ ಎಲ್ಲಿ ಅಂತ ಕೇಳಿದರು.

ಗಾಡಿಯ ಕಾನೂನು ನನಗೆ ಇನ್ಶೂರೆನ್ಸ್ ತನಕ ಮಾತ್ರ ಗೊತ್ತು, ಉಳಿದದ್ದು ಅಣ್ಣ ಹೇಳಿದ್ದು. ಮೋಟಾರು ವಾಹನ ಕಾಯಿದೆ 1988ರದ್ದು, ಅದರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸಲಿಕ್ಕಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿ ಹೇಳಿತು. ಆ ಕೇಸು ಹೋದದ್ದೂ ನಮ್ಮ ಕೇರಳದಿಂದಲೇ. ಹಾಗಾಗಿ ಇಲ್ಲಿಯ ವರ್ಕ್‌ಶಾಪಿನವರಿಗೆ ಅದು ಬಾಯಿಪಾಠ. ಅದೇ ಕಂಪನಿಯ, ಅದೇ ಬಗೆಯ, ಅದೇ ಇಂಧನದ ಎಂಜಿನ್ನಾದರೆ ಮೊದಲು ಅನುಮತಿ ಕೇಳಿ, ಮತ್ತೆ ಹೊಸ ನಂಬರನ್ನು ಆರ್‌ಸಿಯಲ್ಲಿ ಸೇರಿಸಬಹುದು. ಬೇರೆ ಬಗೆಯದ್ದಾದರೆ ಸುಖ ಇಲ್ಲ. ಹದಿನೈದು ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಲೇಬೇಕು. ಅಲ್ಲಿ ಬಾನೆಟ್ಟು ತೆರೆದರೆ ಟರ್ಬೊವನ್ನು ಬಾಳೆಲೆಯಲ್ಲಿ ಮುಚ್ಚಲಿಕ್ಕೆ ಆಗುತ್ತದಾ? ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರೂ ಮೊದಲು ಹುಡುಕುವುದು ಇಂಥದ್ದನ್ನೇ. ಟರ್ಬೊ ಮಾರಲಿಕ್ಕೆ ಕೂತವರು ಇದರಲ್ಲಿ ಒಂದಕ್ಷರ ಹೇಳಿರಲಿಲ್ಲ.

ಹಾಗೆ ಉಳಿದದ್ದು ಎರಡು ದಾರಿ. ಇದ್ದ ಎಂಜಿನ್ ಬಿಚ್ಚಿ ಬೋರ್ ಮಾಡಿಸುವುದು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ಸರಿ ಮಾಡಿಸುವುದು, ಇಲ್ಲವೆ ಇದೇ ಬಗೆಯ, ಟರ್ಬೊ ಇಲ್ಲದ, ಒಳ್ಳೆಯ ಸ್ಥಿತಿಯ ಎಂಜಿನ್ ತಂದು ಇಳಿಸುವುದು. ನನ್ನದು 2015ರಲ್ಲಿ ಒಮ್ಮೆ ಬೋರ್ ಆದ ಬ್ಲಾಕು. ಇನ್ನೊಮ್ಮೆ ಬೇಡ ಅಂತ ಅಣ್ಣನೂ ಹೇಳಿದರು. ಕೊಯಂಬತ್ತೂರು ಕಡೆಯ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಒಂದು ಇಂಡಿಕಾದ ಎಂಜಿನ್ ಸಿಕ್ಕಿತು. ಹಣ ಕಳಿಸುವ ಮೊದಲು ಅದನ್ನು ಸ್ಟಾರ್ಟ್ ಮಾಡಿ, ಆಯಿಲ್ ಮುಚ್ಚಳ ತೆಗೆದು, ಮೇಲೆ ಕಾಗದ ಹಿಡಿದು ವೀಡಿಯೊ ಕಳಿಸಬೇಕು ಅಂತ ಅಣ್ಣ ಹಟ ಮಾಡಿದರು. ಕಾಗದ ಅಲ್ಲಾಡಲಿಲ್ಲ, ಅಂದರೆ ಒಳಗಿಂದ ಗಾಳಿ ಸೋರುವುದಿಲ್ಲ. ಬಿಲ್ಲು, ಆ ಗಾಡಿಯ ಕಾಗದಪತ್ರ, ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ಎಲ್ಲ ತರಿಸಿಕೊಂಡರು.

ಖರ್ಚು ಕೇಳುವವರಿಗೆ: ಎಂಜಿನ್ 28,000, ಮಜೂರಿ 10,000, ಕ್ಲಚ್ ಸೆಟ್ 6,200, ಟೈಮಿಂಗ್ ಬೆಲ್ಟು ಟೆನ್ಶನರು ವಾಟರ್ ಪಂಪು ಸೇರಿ 5,300, ಎಂಜಿನ್ ಕೂರುವ ಮೌಂಟಿಂಗು 3,400, ಪಂಪು ಮತ್ತು ಇಂಜೆಕ್ಟರು ಮಂಗಳೂರಿನಲ್ಲಿ ನೋಡಿಸಿದ್ದು 5,500, ಆಯಿಲ್ ಫಿಲ್ಟರ್ ಚಿಲ್ಲರೆ 3,000. ಒಟ್ಟು 61,400. ಟರ್ಬೊಕ್ಕಿಂತ ಕಡಿಮೆ, ಅದೂ ಕ್ಲಚ್ಚು ಸೇರಿ.

ಈಗ ಬೈಗುಳ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ನಮಗೆ ಮದುವೆ ಇಲ್ಲ, ಹಾಗಾಗಿ ಆಟಿಯ ಮೊದಲ ವಾರವೇ ಗಾಡಿ ಬಿಟ್ಟೆ. ಕಾಗದದ ಕೆಲಸವೆಲ್ಲ ಮುಗಿದ ಮೇಲೆ ಬಿಟ್ಟದ್ದು. ಹನ್ನೆರಡು ದಿನ ಅಂದವರು ಇಪ್ಪತ್ತಾರು ದಿನ ಮಾಡಿದರು. ಫೋನು ಎತ್ತುವುದಿಲ್ಲ. ಎತ್ತಿದರೆ "ನಾಳೆ ಭಟ್ರೆ". ನಾನು ಬಡಿಸುವ ಪಂಕ್ತಿಯಲ್ಲಿ ನಿಂತು "ಅನ್ನ ನಾಳೆ" ಅಂದರೆ ಹೇಗಿರುತ್ತದೆ? ಆಟಿ ಮುಗಿದು ಸೋಣ ತಿಂಗಳು ಶುರುವಾಗಿ ಎರಡು ಪೂಜೆಯ ಅಡಿಗೆಗೆ ಪಿಕಪ್ ಬಾಡಿಗೆ ಮಾಡಬೇಕಾಯಿತು, ಅದು ಒಂದು ಸಲಕ್ಕೆ 1,800. ಈ ಲೆಕ್ಕ ಮೇಲಿನ ಬಿಲ್ಲಿನಲ್ಲಿ ಇಲ್ಲ, ನನ್ನ ಹೊಟ್ಟೆಯಲ್ಲಿ ಉಂಟು. ಗಾಡಿ ಕೊಡುವಾಗ ಒಳಗೆ ಇದ್ದ ನನ್ನ ಹಳೆಯ ಸಟ್ಟುಗ ಒಂದು ಕಾಣೆ. ಕೇಳಿದರೆ ಅಲ್ಲಿಯ ಹುಡುಗ ಅದರಲ್ಲಿ ಗ್ರೀಸ್ ತೆಗೆಯುತ್ತಿದ್ದ. ನ್ಯೂಟ್ರಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡು ಗುಂಯ್ ಅನ್ನುತ್ತದೆ. ಒಂದು ಮೌಂಟಿಂಗು ಸರಿ ಕೂತಿಲ್ಲ ಅಂತ ನನ್ನ ಗುಮಾನಿ. ಗೇರ್‌ಬಾಕ್ಸಿನ ಹತ್ತಿರ ದಿನಕ್ಕೆ ನಾಲ್ಕು ಹನಿ ಆಯಿಲ್ ಅಂಗಳದಲ್ಲಿ ಬೀಳುತ್ತದೆ.

ಆದರೆ ಗಾಡಿ ಓಡುತ್ತದೆ ಮಾರಾಯ್ರೆ! ಮೊದಲ ದಿನವೇ ಜಾಲ್ಸೂರಿನ ದಾರಿ ಹಿಡಿದೆ, ಗ್ರೈಂಡರು, ಪಾತ್ರೆ, ಇಬ್ಬರು ಹುಡುಗರು ಸಮೇತ. ಎರಡನೇ ಗೇರಿನಲ್ಲಿ ಅಳುತ್ತಿದ್ದ ಏರನ್ನು ಮೂರನೇ ಗೇರಿನಲ್ಲಿ ಹತ್ತಿತು. ಕುದುರೆ ಶಕ್ತಿ ಅದೇ ಐವತ್ತಮೂರು, ಒಂದೂ ಹೆಚ್ಚಾಗಿಲ್ಲ. ನಾನು ಇಷ್ಟು ವರ್ಷ ಸೋರಿಹೋದ ಎಂಜಿನ್ನಿನಲ್ಲಿ ಓಡಾಡಿ, ಇಂಡಿಕಾ ಅಂದರೆ ಇಷ್ಟೇ ಅಂತ ನಂಬಿದ್ದೆ. ಲೀಟರಿಗೆ 11 ಕೊಡುತ್ತಿದ್ದದ್ದು ಈಗ ಹೊರೆ ಇದ್ದೂ 16 ಹತ್ತಿರ ಬರುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಎಸಿ ಬಂದ್ ಮಾಡಲೇಬೇಕು, ಅದು ಬದಲಾಗಿಲ್ಲ. ಬಸ್ಸನ್ನು ಹಿಂದೆ ಹಾಕಲಿಕ್ಕೂ ಆಗಲಿಲ್ಲ. ಅಕ್ಕನ ಮಗನಿಗೆ ಸ್ವಲ್ಪ ನಿರಾಸೆ.

ಅಲ್ಲಿಗೆ ಹೋಗುವವರು ಬೆಳಿಗ್ಗೆ ಒಂಬತ್ತೂವರೆ ಮೇಲೆ ಹೋಗಿ, ಮಧ್ಯಾಹ್ನ ಒಂದರಿಂದ ಎರಡೂವರೆ ಬಾಗಿಲು ಹಾಕಿರುತ್ತದೆ. ದಿನದ ಲೆಕ್ಕ ಕಾಗದದಲ್ಲಿ ಬರೆಸಿಕೊಳ್ಳಿ, ಅವರು ಹೇಳಿದ್ದಕ್ಕೆ ಎರಡು ಪಟ್ಟು ಹಿಡಿಯಿರಿ. ಗಾಡಿಯಲ್ಲಿರುವ ಪಾತ್ರೆ ಪಗಡಿ ಮನೆಯಲ್ಲೇ ಇಳಿಸಿ ಹೋಗಿ. ಸೋಮವಾರ ನಾನೂ ಹೋಗಲಿಕ್ಕುಂಟು, ಆಯಿಲ್ ತೊಟ್ಟಿಕ್ಕುವುದನ್ನು ತೋರಿಸಲಿಕ್ಕೆ. ಭಾನುವಾರ ಪೆರ್ಲದ ಮದುವೆಯ ಹೋಳಿಗೆ ಉಳಿದರೆ ಅಣ್ಣನಿಗೆ ಕೊಂಡುಹೋಗಬೇಕೋ, ಆ ಸಟ್ಟುಗ ವಾಪಸು ಬರುವವರೆಗೆ ಕಾಯಬೇಕೋ, ಇನ್ನೂ ತೀರ್ಮಾನ ಮಾಡಿಲ್ಲ.