ತಿಂದದ್ದು ಮೈಗೆ ಹತ್ತದಿದ್ದಾಗ: ಒಂದು ತಪಾಸಣಾ ವಿಭಾಗದ ವಿಮರ್ಶೆ

ಎಂಟು ತಿಂಗಳು ತಪ್ಪದೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 9 ದಾಟದೆ, ಹೊಟ್ಟೆ ತುಂಬ ಉಂಡರೂ ತೂಕ ಇಳಿಯುತ್ತಲೇ ಹೋದಾಗ, ನಮ್ಮ ಕುಟುಂಬದ ವೈದ್ಯರು ನನ್ನನ್ನು ದೊಡ್ಡ ಆಸ್ಪತ್ರೆಯೊಂದರ ಜಠರ ಮತ್ತು ಕರುಳಿನ ವಿಭಾಗಕ್ಕೆ ಕಳುಹಿಸಿದರು. ಪೋಷಕಾಂಶಗಳ ಹೀರಿಕೆಯಲ್ಲಿನ ದೋಷವನ್ನು ಪತ್ತೆಹಚ್ಚಲು ಅಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ. ವೈದ್ಯರಿಗೆ ಪೂರ್ಣ ಅಂಕ, ಅವರ ವಿಭಾಗ ಕೈಗೆ ಕೊಡುವ ಸೂಚನಾ ಹಾಳೆಗೆ ಶೂನ್ಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೊದಲ ಭೇಟಿಯ ಅರ್ಧ ಗಂಟೆಯನ್ನು ವೈದ್ಯೆ ಪ್ರಶ್ನೆಗಳಿಗೇ ಮೀಸಲಿಟ್ಟರು. ಮಲ ಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆಯೇ, ಬಾಯಿಹುಣ್ಣು ಪದೇ ಪದೇ ಬರುತ್ತದೆಯೇ, ಮಬ್ಬುಗತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲವೇ, ಸಣ್ಣ ಪೆಟ್ಟಿಗೂ ಚರ್ಮ ಕಂದುಗಟ್ಟುತ್ತದೆಯೇ ಎಂದೆಲ್ಲ ಕೇಳಿದರು. ಕಣ್ಣಿಗೂ ಚರ್ಮಕ್ಕೂ ಕರುಳಿಗೂ ಎಲ್ಲಿಯ ಸಂಬಂಧ ಎಂದು ನಾನು ಹುಬ್ಬೇರಿಸಿದ್ದನ್ನು ಗಮನಿಸಿ, ಎ, ಡಿ, ಇ ಮತ್ತು ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವಾದ್ದರಿಂದ ಕೊಬ್ಬು ಹೀರಿಕೆಯಾಗದೆ ಹೊರಹೋದರೆ ಅವೂ ಅದರ ಜೊತೆಗೇ ಹೋಗಿಬಿಡುತ್ತವೆ ಎಂದು ವಿವರಿಸಿದರು. ಬಳಿಕ ನನ್ನ ಹಳೆಯ ವರದಿಯೊಂದರ ಹಿಂಬದಿಯಲ್ಲಿ ಉದ್ದನೆಯ ಕೊಳವೆಯೊಂದನ್ನು ಬರೆದು, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಆರಂಭದಲ್ಲಿ ‘ಕಬ್ಬಿಣ’ ಎಂದೂ ತೀರಾ ಕೊನೆಯಲ್ಲಿ ‘ಬಿ12, ಪಿತ್ತ ಲವಣ’ ಎಂದೂ ಗುರುತು ಹಾಕಿದರು. ಮೇದೋಜೀರಕ ಗ್ರಂಥಿಯ ರಸ ಅಥವಾ ಪಿತ್ತರಸ ಸಾಲದೆ ಆಹಾರ ಒಡೆಯದೇ ಉಳಿಯಬಹುದು, ಒಡೆದದ್ದನ್ನು ಹೀರಬೇಕಾದ ಒಳಪದರವೇ ಹಾಳಾಗಿರಬಹುದು, ಇಲ್ಲವೇ ಹೀರಿದ್ದನ್ನು ಸಾಗಿಸುವ ದುಗ್ಧನಾಳಗಳಲ್ಲಿ ಅಡ್ಡಿಯಿರಬಹುದು. ಎಲ್ಲಿ ಕೈಕೊಟ್ಟಿದೆ ಎಂದು ತಿಳಿಯದೆ ಮಾತ್ರೆಯ ಪ್ರಮಾಣವನ್ನು ಮಾತ್ರ ಹೆಚ್ಚಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ಮಾತಾಗಿತ್ತು. ಆ ಚಿತ್ರವನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಇನ್ನು ಹಾಳೆಯ ವಿಷಯ. ವೈದ್ಯರನ್ನು ಕಾಣುವ ಮುನ್ನವೇ ರಕ್ತ ಕೊಟ್ಟಿರಬೇಕು ಎಂಬುದು ಅಲ್ಲಿನ ಪದ್ಧತಿ. ಯಾರೋ ಹೇಳಿದರೆಂದು ನಾನು ಮೂರು ತಿಂಗಳಿನಿಂದ ಗೋಧಿಯನ್ನು ಬಿಟ್ಟಿದ್ದೆ. ಗೋಧಿಯಲ್ಲಿರುವ ಗ್ಲುಟೆನ್ ವಿರುದ್ಧ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಕರುಳಿನ ಒಳಪದರವನ್ನು ಹಾಳುಮಾಡುವ ಸೀಲಿಯಾಕ್ ಕಾಯಿಲೆಯನ್ನು ಪತ್ತೆಹಚ್ಚುವ ಪ್ರತಿಕಾಯ ಪರೀಕ್ಷೆಗೆ, ರೋಗಿ ಗ್ಲುಟೆನ್ ತಿನ್ನುತ್ತಿರಲೇಬೇಕು; ಬಿಟ್ಟರೆ ಪ್ರತಿಕಾಯಗಳು ಕ್ರಮೇಣ ಇಳಿದು, ಕಾಯಿಲೆಯಿದ್ದರೂ ವರದಿ ‘ಇಲ್ಲ’ ಎನ್ನಬಹುದು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಗುರುತಿನ ಚೀಟಿ ತರಬೇಕು ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕಿದ ಆ ಹಾಳೆಯಲ್ಲಿ ಇದರ ಸುಳಿವೇ ಇರಲಿಲ್ಲ. ನನ್ನ ಮೊದಲ ವರದಿಯನ್ನು ವೈದ್ಯೆ ಬದಿಗಿಟ್ಟು, ಆರು ವಾರ ದಿನವೂ ಗೋಧಿ ತಿಂದು ಮತ್ತೆ ರಕ್ತ ಕೊಡಲು ಹೇಳಿದರು. ಹೊಟ್ಟೆಯುಬ್ಬರದಲ್ಲಿ ಕಳೆದ ಆ ಆರು ವಾರಗಳನ್ನು ಒಂದು ಸಾಲಿನ ಸೂಚನೆ ಉಳಿಸಬಹುದಿತ್ತು.

ಮಲದಲ್ಲಿನ ಕೊಬ್ಬಿನ ಪರೀಕ್ಷೆ ಯಾರಿಗೂ ಹಿತವಾದದ್ದಲ್ಲ. ದಿನಕ್ಕೆ 100 ಗ್ರಾಂನಷ್ಟು ಕೊಬ್ಬು ತಿನ್ನುತ್ತಾ, 72 ಗಂಟೆಗಳ ಮಲವನ್ನು ಪೂರ್ತಿಯಾಗಿ ಡಬ್ಬಿಯಲ್ಲಿ ಸಂಗ್ರಹಿಸಿ, ಫ್ರಿಜ್ಜಿನಲ್ಲಿ ತಣ್ಣಗಿಟ್ಟು ಕೊಡಬೇಕು. (ಮನೆಯವರ ಮುಖಭಾವವನ್ನು ಇಲ್ಲಿ ವರ್ಣಿಸುವುದಿಲ್ಲ.) ಪ್ರಯೋಗಾಲಯದ ಸಿಬ್ಬಂದಿ ಮಾತ್ರ ಮುಜುಗರವಾಗದಂತೆ ಡಬ್ಬಿ ತೆಗೆದುಕೊಂಡು, ಒಂದು ಸಲವಾದರೂ ಬಿಟ್ಟುಹೋಗಿದೆಯೇ ಎಂದು ಮೆಲ್ಲನೆ ವಿಚಾರಿಸಿದರು. ದಿನಕ್ಕೆ 7 ಗ್ರಾಂ ಮೀರಬಾರದ ಕೊಬ್ಬು ನನ್ನಲ್ಲಿ 14 ಗ್ರಾಂ ಇತ್ತು. ಮೇದೋಜೀರಕ ಗ್ರಂಥಿಯ ಕೆಲಸವನ್ನು ಅಳೆಯುವ ಎಲಾಸ್ಟೇಸ್ ಪ್ರಮಾಣ ಸರಿಯಾಗಿಯೇ ಇದ್ದುದರಿಂದ, ರಸದ ಕೊರತೆಯ ಅನುಮಾನ ಹಿಂದೆ ಸರಿದು ಒಳಪದರದ ಅನುಮಾನ ಬಲವಾಯಿತು. ಎರಡನೆಯ ರಕ್ತಪರೀಕ್ಷೆ ಪಾಸಿಟಿವ್ ಬಂತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಆರಂಭದ ಭಾಗದಿಂದ ಆರು ಚೂರು ತೆಗೆದು ನೋಡಿದಾಗ, ಬೆರಳುಗಳಂತೆ ಎದ್ದು ನಿಂತಿರಬೇಕಾದ ವಿಲ್ಲೈಗಳು ಬಹುತೇಕ ಚಪ್ಪಟೆಯಾಗಿದ್ದವು. ಕಬ್ಬಿಣ ಹೀರುವ ಜಾಗವೇ ಅದು.

ಹಾಲಿನ ಸಕ್ಕರೆಯ ಉಸಿರಿನ ಪರೀಕ್ಷೆಯೂ ಪಾಸಿಟಿವ್ ಬಂದಿತ್ತು. ಬೇರೆ ಕಡೆಯಾಗಿದ್ದರೆ ಹಾಲನ್ನು ಬಿಟ್ಟುಬಿಡಿ ಎಂದು ಅಷ್ಟಕ್ಕೇ ಮುಗಿಸುತ್ತಿದ್ದರೇನೋ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದು ವಿಲ್ಲೈಗಳ ಮೇಲ್ಮೈಯಲ್ಲೇ ಆದ್ದರಿಂದ, ಅವು ಚೇತರಿಸಿಕೊಂಡಂತೆ ಹಾಲೂ ಒಗ್ಗಬಹುದು, ಸದ್ಯಕ್ಕೆ ಕಡಿಮೆ ಮಾಡಿದರೆ ಸಾಕು ಎಂದು ವೈದ್ಯೆ ಹೇಳಿದ್ದು ನಿಜವಾಯಿತು. ಇಂಥ ವಿವೇಕಕ್ಕಾಗಿಯೇ ನಾನು ಈ ವಿಭಾಗವನ್ನು ಶಿಫಾರಸು ಮಾಡುತ್ತೇನೆ. ಆದರೆ ಅದೇ ಕಟ್ಟಡದ ಕೆಳಮಹಡಿಯ ಕೌಂಟರ್‌ನಲ್ಲಿ, ಹತ್ತಾರು ಆಹಾರಗಳ ಐಜಿಜಿ ಪ್ರತಿಕಾಯ ಅಳೆದು ‘ನಿಮಗೆ ಆಗದ ಆಹಾರ’ಗಳ ಪಟ್ಟಿ ಕೊಡುವ ಪ್ಯಾಕೇಜನ್ನು ಮಾರುತ್ತಾರೆ. ಐಜಿಜಿ ಇದ್ದರೆ ಆ ಆಹಾರವನ್ನು ತಿಂದಿದ್ದೀರಿ ಎಂದಷ್ಟೇ ತಿಳಿಯುತ್ತದೆ, ಅದು ಆಗುವುದಿಲ್ಲ ಎಂದಲ್ಲ. ಮೇಲಿನ ಮಹಡಿಯವರು ಬೇಡವೆನ್ನುವುದನ್ನು ಕೆಳಗಿನವರು ಮಾರುವುದು ಸಲ್ಲದು.

ಆಹಾರ ತಜ್ಞರ ಭೇಟಿ ಹತ್ತೇ ನಿಮಿಷದಲ್ಲಿ ಮುಗಿಯಿತು. ಜೀವನಪೂರ್ತಿ ಗೋಧಿ, ಬಾರ್ಲಿ, ರೈ ಬಿಡಬೇಕಾದವನಿಗೆ ಅದು ಏನೇನೂ ಸಾಲದು. ಸಾಸ್‌ಗಳಲ್ಲಿ, ಸಿದ್ಧ ಮಸಾಲೆಗಳಲ್ಲಿ ಗ್ಲುಟೆನ್ ಅಡಗಿರಬಹುದೆಂಬುದನ್ನು ನಾನು ಪೊಟ್ಟಣಗಳ ಮೇಲಿನ ಸಣ್ಣಕ್ಷರಗಳಿಂದಲೇ ಕಲಿಯಬೇಕಾಯಿತು.

ಗ್ಲುಟೆನ್ ಬಿಟ್ಟ ಆರು ತಿಂಗಳಿಗೆ, ಮೊದಲು ನುಂಗುತ್ತಿದ್ದ ಅದೇ ಮಾತ್ರೆಯಿಂದಲೇ, ಹಿಮೋಗ್ಲೋಬಿನ್ 12.4ಕ್ಕೆ ಏರಿದೆ. ಕಳೆದ ವಾರ ಮರುತಪಾಸಣೆಗೆ ಹೋದಾಗಲೂ ಕೌಂಟರ್‌ನಲ್ಲಿ ಹಂಚುತ್ತಿದ್ದುದು ಹಳೆಯ ಹಾಳೆಯನ್ನೇ. ನೀವು ಗೋಧಿ ಬಿಟ್ಟಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ.